ಮಂದ್ರದಲ್ಲಿ ಅನ್ಯಸ್ವರ

ನಮ್ಮ ಸಂಗೀತ ಕಚೇರಿಗಳಲ್ಲಿ ತಂಬೂರಿ ಒಂದೇ ನೆಲೆಯಲ್ಲಿ ಮಿಡಿಯುತ್ತಿರುತ್ತದೆ. ಗಾಯಕರು ಎಲ್ಲೆಲ್ಲಿ ಸಂಚರಿಸಿದರೂ ಆಧಾರ ಷಡ್ಜ ಕದಲುವುದಿಲ್ಲ. ಪಾಶ್ಚಾತ್ಯ ಸಂಗೀತದ ಕ್ರಮ ಬೇರೆ; ಅಲ್ಲಿ ತಳದ ದನಿಯೇ ನಡೆಯುತ್ತದೆ. ಅದನ್ನು ಅವರು ‘ಬೇಸ್’ ಎಂದು ಕರೆಯುತ್ತಾರೆ. ಈ ಮಂದ್ರದ ದನಿ ಹೆಜ್ಜೆ ಬದಲಿಸಿದಾಗಲೆಲ್ಲ ಮೇಲಿನ ಸ್ವರದ ಅರ್ಥವೂ ಬದಲಾಗುತ್ತದೆ. ಒಂದೇ ಸ್ವರ ಒಂದು ನೆಲದ ಮೇಲೆ ನೆಮ್ಮದಿಯಾಗಿ ಕೇಳಿಸಿದರೆ ಇನ್ನೊಂದರ ಮೇಲೆ ತಳಮಳವಾಗಿ ಕೇಳಿಸುತ್ತದೆ. ಇಂಥ ದನಿಯೊಳಗೆ, ಹಿಡಿದ ಸ್ವರಶ್ರೇಣಿಗೆ ಸೇರದ ಸ್ವರವೊಂದು ಬಂದರೆ ಏನಾಗುತ್ತದೆ? ಈ ಹೊತ್ತು ತಮ್ಮೊಡನೆ ವಿಚಾರಮಾಡಬೇಕೆಂದಿರುವುದು ಇಷ್ಟನ್ನೇ.

ನಾನು ಸಂಗೀತ ವಿದ್ವಾಂಸನಲ್ಲ. ಕನ್ನಡ ವ್ಯಾಕರಣವನ್ನು ಪಾಠ ಹೇಳಿಕೊಂಡು ಬಂದವನು. ಆದುದರಿಂದ ನನಗೆ ಮೊದಲು ನೆನಪಾಗುವುದು ಆಗಮಸಂಧಿ. ‘ಮನೆ’ಗೆ ‘ಅನ್ನು’ ಸೇರಿದಾಗ ‘ಮನೆಯನ್ನು’ ಎನ್ನುತ್ತೇವೆ. ನಡುವಣ ಯಕಾರ ಹಿಂದಿನ ಪದದ್ದೂ ಅಲ್ಲ, ಮುಂದಿನ ಪ್ರತ್ಯಯದ್ದೂ ಅಲ್ಲ. ಆದರೂ ಅದಿಲ್ಲದೆ ನಾಲಗೆ ದಾಟಲಾರದು. ವ್ಯಾಕರಣವು ಆ ಹೊರಗಿನದನ್ನು ತಪ್ಪೆನ್ನದೆ ಹೆಸರಿಟ್ಟು ಬರಮಾಡಿಕೊಂಡಿತು. ಸಂಗೀತಶಾಸ್ತ್ರವೂ ಮಾಡಿರುವುದು ಇದನ್ನೇ. ಸ್ಥಾಯಿಯ ಹನ್ನೆರಡು ಸ್ವರಸ್ಥಾನಗಳಲ್ಲಿ ಏಳನ್ನು ಆರಿಸಿಕೊಂಡರೆ ಐದು ಹೊರಗುಳಿಯುತ್ತವೆ. ಆ ಐದು ನಿಷಿದ್ಧವಲ್ಲ. ಯಾವಾಗ, ಯಾವ ದಾರಿಯಲ್ಲಿ ಬರಬೇಕೆಂಬುದಕ್ಕೆ ಮಾತ್ರ ನಿಯಮವುಂಟು.

ಸರಳವಾದ ನಿದರ್ಶನವೊಂದನ್ನು ನೋಡೋಣ. ಅಮೆರಿಕದ ಜಾಝ್ ಸಂಗೀತದಲ್ಲಿ ಬೇಸ್ ವಾದಕನು ತಾಳದ ನಾಲ್ಕು ಪೆಟ್ಟಿಗೆ ನಾಲ್ಕು ಸ್ವರಗಳಂತೆ, ಕಾಲ್ನಡಿಗೆಯ ಲಯದಲ್ಲಿ ನುಡಿಸುತ್ತಾನೆ. ಶ್ರೇಣಿ ನಮ್ಮ ಶಂಕರಾಭರಣದಂಥದು ಎಂದಿಟ್ಟುಕೊಳ್ಳಿ. ಈಗ ಷಡ್ಜದ ನೆಲೆಯಲ್ಲಿರುವ ಅವನು ಮುಂದಿನ ಆವರ್ತದ ಮೊದಲ ಪೆಟ್ಟಿಗೆ ಶುದ್ಧ ಮಧ್ಯಮವನ್ನು ಮುಟ್ಟಬೇಕು. ಅವನು ಷಡ್ಜ, ಗಾಂಧಾರ, ಪಂಚಮಗಳನ್ನು ನುಡಿಸಿ, ನಾಲ್ಕನೆಯ ಪೆಟ್ಟಿಗೆ ಪ್ರತಿಮಧ್ಯಮವನ್ನು ಹಿಡಿದು, ಅಲ್ಲಿಂದ ಶುದ್ಧ ಮಧ್ಯಮಕ್ಕೆ ಜಾರುತ್ತಾನೆ. ಪ್ರತಿಮಧ್ಯಮ ಆ ಶ್ರೇಣಿಗೆ ಹೊರಗಿನದು. ಆದರೆ ಅದು ಸೇರಬೇಕಾದ ಸ್ವರಕ್ಕೆ ಅತಿ ಸಮೀಪದಲ್ಲಿದೆ, ದುರ್ಬಲವಾದ ಪೆಟ್ಟಿನ ಮೇಲೆ ಬಂದಿದೆ, ಬಂದೊಡನೆ ತಲುಪಬೇಕಾದಲ್ಲಿಗೆ ತಲುಪಿದೆ. ಈ ಮೂರು ಕಾರಣಗಳಿಂದ ಕಿವಿ ಅದನ್ನು ಅಪಸ್ವರವೆನ್ನದೆ ಹೊಸ್ತಿಲೆಂದು ಗುರುತಿಸುತ್ತದೆ. ಅದೇ ಸ್ವರ ಮೊದಲ ಪೆಟ್ಟಿನ ಮೇಲೆ ಬಂದು ಅಲ್ಲೇ ನಿಂತಿದ್ದರೆ ಮಾತು ಬೇರೆಯಾಗುತ್ತಿತ್ತು. ಡ್ಯೂಕ್ ಎಲಿಂಗ್ಟನ್ನನ ವಾದ್ಯವೃಂದಕ್ಕೆ ೧೯೩೯ರಲ್ಲಿ ಸೇರಿ, ೧೯೪೨ರಲ್ಲಿ, ಇಪ್ಪತ್ತಮೂರರ ಹರೆಯದಲ್ಲೇ ತೀರಿಕೊಂಡ ಜಿಮ್ಮಿ ಬ್ಲಾಂಟನ್, ಬೇಸ್ ಬರಿಯ ತಾಳದ ಊರುಗೋಲಲ್ಲ, ತಾನೇ ಒಂದು ಹಾಡುವ ದನಿ ಎಂಬುದನ್ನು ತೋರಿಸಿಕೊಟ್ಟ.

ಇಲ್ಲಿ ಅನ್ಯಸ್ವರದ ಬಯಕೆ ಈಡೇರಿತು. ಈಡೇರದಿದ್ದರೆ? ಆ ಪ್ರಶ್ನೆಗೆ ಉತ್ತರ ಇನ್ನೂ ಹಿಂದೆ, ಹದಿನೇಳನೆಯ ಶತಮಾನದ ಇಂಗ್ಲೆಂಡಿನಲ್ಲಿ ಸಿಕ್ಕುತ್ತದೆ. ಹೆನ್ರಿ ಪರ್ಸೆಲ್ಲನ ‘ಡೈಡೊ ಮತ್ತು ಈನಿಯಸ್’ ಗೀತನಾಟಕ ೧೬೮೯ರ ವೇಳೆಗೆ ಲಂಡನ್ನಿನ ಚೆಲ್ಸಿಯಲ್ಲಿದ್ದ ಹೆಣ್ಣುಮಕ್ಕಳ ಶಾಲೆಯೊಂದರಲ್ಲಿ ಅಭಿನಯಗೊಂಡಿತ್ತು. ಕಥೆ ವರ್ಜಿಲ್ ಮಹಾಕವಿಯದು. ಪ್ರಿಯನಿಂದ ಪರಿತ್ಯಕ್ತಳಾದ ಕಾರ್ಥೇಜಿನ ರಾಣಿ ಸಾವಿಗೆ ಮುನ್ನ ಹಾಡುವ ಶೋಕಗೀತೆಯ ಕೆಳಗೆ, ಐದು ಆವರ್ತಗಳ ಒಂದೇ ಮಂದ್ರದ ಸಾಲು ಹನ್ನೊಂದು ಬಾರಿ ಮರಳಿ ಮರಳಿ ಬರುತ್ತದೆ.

ಆ ಸಾಲಿನ ಶ್ರೇಣಿ ನಮ್ಮ ನಟಭೈರವಿಯಂತಹುದು. ಅದರಂತೆ ಇಳಿಯುವುದಾದರೆ ಷಡ್ಜ, ಕೈಶಿಕಿ ನಿಷಾದ, ಶುದ್ಧ ಧೈವತ, ಪಂಚಮ ಎಂದು ಇಳಿಯಬೇಕು. ಪರ್ಸೆಲ್ ಷಡ್ಜದಿಂದ ಮೊದಲು ಕಾಕಲಿ ನಿಷಾದಕ್ಕೆ, ಆಮೇಲೆ ಕೈಶಿಕಿಗೆ, ಮತ್ತೆ ಚತುಶ್ರುತಿ ಧೈವತಕ್ಕೆ, ಶುದ್ಧ ಧೈವತಕ್ಕೆ, ಕೊನೆಗೆ ಪಂಚಮಕ್ಕೆ ಇಳಿಯುತ್ತಾನೆ. ಕಾಕಲಿ ನಿಷಾದ, ಚತುಶ್ರುತಿ ಧೈವತ, ಇವೆರಡೂ ಹೊರಗಿನವು. ಅವರ ಪದ್ಧತಿಯಲ್ಲಿ ಇವು ಷಡ್ಜದತ್ತ ಏರುವಾಗ ಎರವಲು ಪಡೆಯುವ ಸ್ವರಗಳು. ನಮ್ಮ ಭೈರವಿಯಲ್ಲಿಯೂ ಚತುಶ್ರುತಿ ಧೈವತ ಆರೋಹಣಕ್ಕೆ ಬಂದು, ಅವರೋಹಣದಲ್ಲಿ ಶುದ್ಧ ಧೈವತಕ್ಕೆ ಎಡೆಗೊಡುತ್ತದಷ್ಟೆ. ಏರಲೆಂದು ಕರೆಸಿಕೊಂಡ ಸ್ವರಗಳನ್ನು ಪರ್ಸೆಲ್ ಇಳಿಯುವ ದಾರಿಯಲ್ಲಿ ನಿಲ್ಲಿಸಿದ. ಕಾಕಲಿ ನಿಷಾದವನ್ನು ಕೇಳಿದೊಡನೆ ಕಿವಿ ಮೇಲಿನ ಷಡ್ಜವನ್ನು ಬಯಸುತ್ತದೆ. ದೊರೆಯುವುದು ಮಾತ್ರ ಇನ್ನೊಂದು ಮೆಟ್ಟಿಲು ಕೆಳಗಿನದು. ಮತ್ತೊಮ್ಮೆ ಆಸೆ, ಮತ್ತೊಮ್ಮೆ ಕುಸಿತ. ರಾಣಿ ತನ್ನನ್ನು ನೆನೆಯಬೇಕೆಂದು ಬೇಡುವಾಗ ಅವಳ ದನಿ ಒಂದೇ ಪಂಚಮದ ಮೇಲೆ ಮತ್ತೆ ಮತ್ತೆ ನಿಲ್ಲುತ್ತದೆ. ಅವಳು ಕದಲುವುದಿಲ್ಲ, ಕಾಲಡಿಯ ನೆಲ ಸರಿಯುತ್ತಿರುತ್ತದೆ.

ಜರ್ಮನಿಯ ಬಾಖ್ ಕೂಡ ಇಂಥದೇ ಇಳಿಯುವ ಸಾಲನ್ನು ೧೭೧೪ರ ತನ್ನ ಕಂಟಾಟಾ ಒಂದರಲ್ಲಿ ಬಳಸಿದ. ಮುಂದೆ ಅದನ್ನೇ ಬಿ ಮೈನರ್ ಮಾಸ್‌ನಲ್ಲಿ ಯೇಸುವಿನ ಶಿಲುಬೆಯ ಮರಣವನ್ನು ಹಾಡುವ ಭಾಗಕ್ಕೆ ತಂದುಕೊಂಡ. ಅಲ್ಲಿ ಆ ಸಾಲು ಹದಿಮೂರು ಬಾರಿ ಬರುತ್ತದೆ. ಕೊನೆಯ ಬಾರಿ ಮಾತ್ರ ಅದು ದಾರಿಬಿಟ್ಟು, ವಿಷಾದದ ಶ್ರೇಣಿಯಿಂದ ಪ್ರಸನ್ನವಾದ ಬೇರೊಂದು ಶ್ರೇಣಿಗೆ ತಿರುಗಿ ನಿಲ್ಲುತ್ತದೆ. ಮುಂದಿನ ಭಾಗ ಪುನರುತ್ಥಾನದ್ದು. ಅದನ್ನು ಮೊದಲು ಸೂಚಿಸುವ ಕೆಲಸವೂ ತಳದ ದನಿಗೇ ಬಂದಿತು.

ಶಾಸ್ತ್ರವನ್ನು ತಿಳಿದರೆ ರಸಾನುಭವ ಕೆಡುತ್ತದೆಂದು ಹೇಳುವವರುಂಟು. ನನಗೆ ಹಾಗೆ ತೋರುವುದಿಲ್ಲ. ಯಾವ ಸ್ವರ ಎತ್ತ ಹೋಗಬಯಸುತ್ತದೆಂಬುದನ್ನು ಪರ್ಸೆಲ್ ಬಲ್ಲವನಾಗಿದ್ದುದರಿಂದಲೇ ಅದನ್ನು ತಡೆದು ದುಃಖವನ್ನು ಕೇಳಿಸಬಲ್ಲವನಾದ. ನಿಯಮವೇ ಇಲ್ಲದಿದ್ದರೆ ಅನ್ಯಸ್ವರವೆಂಬುದೂ ಇರುತ್ತಿರಲಿಲ್ಲ. ಹನ್ನೆರಡೂ ಒಂದೇ ಆಗಿ, ಯಾವುದಕ್ಕೂ ಮನೆಯಿಲ್ಲ, ಯಾವುದಕ್ಕೂ ವಿರಹವಿಲ್ಲ ಎಂದಾಗುತ್ತಿತ್ತು. ತಾವು ಇಂಥ ಸಂಗೀತವನ್ನು ಕೇಳುವಾಗ ಒಮ್ಮೆ ಮೇಲಿನ ಕಂಠವನ್ನು ಬಿಟ್ಟು ಕೆಳಗಿನ ದನಿಗೆ ಕಿವಿಗೊಡಬೇಕೆಂದು ನನ್ನ ಬಿನ್ನಹ. ಕಣ್ಣೀರು ಕಂಠದಲ್ಲಿ ಕಾಣಿಸಿಕೊಳ್ಳುತ್ತದೆ. ಅದರ ಕಾರಣ ಅನೇಕ ವೇಳೆ ಮಂದ್ರದಲ್ಲಿರುತ್ತದೆ.