ಬೆಳೆ ರಕ್ಷಣೆಗೆ ಏರ್ ಗನ್: ಆಯ್ಕೆ, ಗುಂಡು ಮತ್ತು ಮಿತಿ
(ರೈತರ ತರಬೇತಿ ಶಿಬಿರವೊಂದರಲ್ಲಿ ನೀಡಿದ ಉಪನ್ಯಾಸ)



ತೋಟ, ಗದ್ದೆ, ಕಣಜಗಳಿಗೆ ಕಾಟ ಕೊಡುವ ಪ್ರಾಣಿಗಳ ಬಗ್ಗೆ ಮಾತು ಬಂದಾಗಲೆಲ್ಲ ನಿಮ್ಮಲ್ಲಿ ಹಲವರು ಒಂದು ಪ್ರಶ್ನೆ ಕೇಳುತ್ತೀರಿ: "ಯಾವ ಏರ್ ಗನ್ ಕೊಳ್ಳಬೇಕು? ಹೆಚ್ಚು ಶಕ್ತಿಯದು ಯಾವುದು?" ಇಂದು ಆ ಪ್ರಶ್ನೆಗೇ ಉತ್ತರ ಹೇಳುವವನಿದ್ದೇನೆ. ಆದರೆ ಕ್ರಮವನ್ನು ಸ್ವಲ್ಪ ಬದಲಾಯಿಸೋಣ. ಮೊದಲು ಯಾವ ಪ್ರಾಣಿಗೆ ಎಂಬುದನ್ನು ನೋಡೋಣ. ಬಂದೂಕಿನ ವಿಚಾರ ಆಮೇಲೆ. ರೋಗ ಯಾವುದೆಂದು ತಿಳಿಯದೆ ಯಾರೂ ಔಷಧಿ ಕೊಳ್ಳುವುದಿಲ್ಲವಷ್ಟೆ.

ಯಾವ ಪ್ರಾಣಿಗೆ?

ನಮ್ಮ ಬೆಳೆಗಳಿಗೆ ಮುಖ್ಯವಾಗಿ ಹಾನಿ ಮಾಡುವವು ಮಂಗ, ಕಾಡುಹಂದಿ, ನವಿಲು, ಗಿಳಿ, ಕೆಂಜಳಿಲು, ಬಾವಲಿ, ಇಲಿ ಮತ್ತು ಹೆಗ್ಗಣ. ಇವುಗಳಲ್ಲಿ ಇಲಿ–ಹೆಗ್ಗಣಗಳನ್ನು ಬಿಟ್ಟು ಉಳಿದವುಗಳ ಮೇಲೆ ಏರ್ ಗನ್ ಎತ್ತುವ ಹಾಗಿಲ್ಲ. ವನ್ಯಜೀವಿ (ಸಂರಕ್ಷಣೆ) ಕಾಯ್ದೆ, 1972 ಇವುಗಳಿಗೆ ರಕ್ಷಣೆ ಕೊಟ್ಟಿದೆ. ಕೊಲ್ಲುವುದಷ್ಟೇ ಅಲ್ಲ, ಗಾಯಗೊಳಿಸುವುದು ಮತ್ತು ಕೊಲ್ಲಲು ಯತ್ನಿಸುವುದು ಕೂಡ ಆ ಕಾಯ್ದೆಯ ಪ್ರಕಾರ ಬೇಟೆಯೇ. "ಸಾಯಿಸಲಿಲ್ಲ, ಹೆದರಿಸಲು ಹೊಡೆದೆ" ಎಂಬ ಸಮಜಾಯಿಷಿ ನಿಲ್ಲುವುದಿಲ್ಲ. ನವಿಲು ಮೊದಲನೆಯ ಅನುಸೂಚಿಯಲ್ಲಿರುವ ಪಕ್ಷಿ. ಅದನ್ನು ಬೇಟೆಯಾಡಿದವರಿಗೆ ಕನಿಷ್ಠ 3 ವರ್ಷ, ಗರಿಷ್ಠ 7 ವರ್ಷ ಸೆರೆವಾಸವಿದೆ.

ಇನ್ನೊಂದು ವಿಷಯ. ಕಾಗೆ, ಬಾವಲಿಗಳು ಹಿಂದೆ ಐದನೆಯ ಅನುಸೂಚಿಯಲ್ಲಿ, ಅಂದರೆ ಉಪದ್ರವಕಾರಿ ಪ್ರಾಣಿಗಳ ಪಟ್ಟಿಯಲ್ಲಿದ್ದವು. ಅವನ್ನು ಹೊಡೆದರೆ ಕೇಳುವವರಿರಲಿಲ್ಲ. ಕಾಯ್ದೆಗೆ 2022ರಲ್ಲಿ ಆದ ತಿದ್ದುಪಡಿ 2023ರ ಏಪ್ರಿಲ್ 1ರಿಂದ ಜಾರಿಗೆ ಬಂದಿದೆ. ಹಳೆಯ ಆ ಪಟ್ಟಿ ಈಗ ಇಲ್ಲ. ಹಿರಿಯರು ಹೇಳಿದ್ದನ್ನು ನಂಬಿ ಇಂದು ಹಾಗೆ ಮಾಡಿದರೆ ತೊಂದರೆಗೆ ಸಿಕ್ಕಿಕೊಳ್ಳಬೇಕಾದೀತು.

ಕಾಡುಹಂದಿಯಂತಹ ಪ್ರಾಣಿಗಳ ಹಾವಳಿ ಮಿತಿಮೀರಿದಲ್ಲಿ ಅನುಮತಿ ಕೊಡುವ ಅಧಿಕಾರ ಮುಖ್ಯ ವನ್ಯಜೀವಿ ಪಾಲಕರಿಗೆ ಅಥವಾ ಅವರು ಅಧಿಕಾರ ಕೊಟ್ಟವರಿಗೆ ಇದೆ. ಅನುಮತಿ ಲಿಖಿತವಾಗಿರತಕ್ಕದ್ದು. ಹಾಗೆ ಅನುಮತಿ ಸಿಕ್ಕಿದರೂ ಏರ್ ಗನ್ ಆ ಕೆಲಸಕ್ಕೆ ಒದಗುವುದಿಲ್ಲ. ಕಾಡುಹಂದಿಯ ದಪ್ಪ ಚರ್ಮ, ಕೊಬ್ಬಿನ ಪದರದಲ್ಲಿ ಅದರ ಗುಂಡು ನಿಂತುಬಿಡುತ್ತದೆ. ಹಂದಿ ಸಾಯುವುದಿಲ್ಲ, ಕೆರಳುತ್ತದೆ. ಗಾಯಗೊಂಡ ಮಂಗ ಕೀವು ತುಂಬಿ ದಿನಗಟ್ಟಲೆ ನರಳುತ್ತದೆ, ಉಳಿದ ಹಿಂಡು ನಾಲ್ಕು ದಿನದಲ್ಲಿ ಮರಳಿ ಬರುತ್ತದೆ. ರೈತನಿಗೆ ಲಾಭವೇನೂ ಇಲ್ಲ.

ಹೀಗೆ ಒಂದೊಂದನ್ನೇ ತೆಗೆದುಹಾಕಿದರೆ ಏರ್ ಗನ್ನಿಗೆ ಉಳಿಯುವುದು ಕಣಜ, ಉಗ್ರಾಣ, ಕೊಟ್ಟಿಗೆ, ಕೋಳಿಮನೆಗಳಲ್ಲಿ ಓಡಾಡುವ ಇಲಿ–ಹೆಗ್ಗಣ ಮಾತ್ರ. ಈ ಕೆಲಸಕ್ಕೆ ಎಂತಹ ಬಂದೂಕು ಬೇಕೆಂದು ಈಗ ನೋಡೋಣ.

ಶಕ್ತಿ ಎಷ್ಟು ಬೇಕು?

ಶಸ್ತ್ರಾಸ್ತ್ರ ನಿಯಮಗಳು, 2016ರ ಪ್ರಕಾರ ನಳಿಕೆಯ ಒಳವ್ಯಾಸ 4.5 ಮಿ.ಮೀ. (0.177 ಅಂಗುಲ) ಮೀರದೆ, ಗುಂಡು ನಳಿಕೆಯ ಬಾಯಿಂದ ಹೊರಡುವಾಗಿನ ಶಕ್ತಿ 20 ಜೂಲ್ ಮೀರದೆ ಇರುವ ಏರ್ ಗನ್ನಿಗೆ ಪರವಾನಗಿ ಬೇಕಿಲ್ಲ. ಎರಡರಲ್ಲಿ ಒಂದು ಮೀರಿದರೂ ಪರವಾನಗಿ ಬೇಕು. 5.5 ಮಿ.ಮೀ. ಏರ್ ಗನ್ನಿನ ಶಕ್ತಿ ಬರಿಯ 15 ಜೂಲ್ ಇದ್ದರೂ ಅದು ಪರವಾನಗಿಯ ಕೆಳಗೇ ಬರುತ್ತದೆ. ಕೊಳ್ಳುವಾಗ ಗುರುತಿನ ದಾಖಲೆ ಕೊಟ್ಟು, ಮಾದರಿ ಮತ್ತು ಶಕ್ತಿಯನ್ನು ನಮೂದಿಸಿದ ರಸೀದಿ ಪಡೆದು ಜೋಪಾನವಾಗಿಡಿ.

ಶಕ್ತಿಯ ಲೆಕ್ಕ ಸುಲಭ. ಗುಂಡಿನ ತೂಕವನ್ನು ಕಿಲೋಗ್ರಾಂನಲ್ಲಿ ತೆಗೆದುಕೊಂಡು, ಅದನ್ನು ವೇಗದ ವರ್ಗದಿಂದ ಗುಣಿಸಿ ಎರಡರಿಂದ ಭಾಗಿಸಬೇಕು. 0.53 ಗ್ರಾಂ ಗುಂಡು ಸೆಕೆಂಡಿಗೆ 200 ಮೀಟರ್ ವೇಗದಲ್ಲಿ ಹೊರಟರೆ ಶಕ್ತಿ ಸುಮಾರು 10.6 ಜೂಲ್. ಅದೇ ಗುಂಡು 280 ಮೀಟರ್ ವೇಗ ಪಡೆದರೆ 20 ಜೂಲ್ ದಾಟಿಹೋಗುತ್ತದೆ. ಜಾಹೀರಾತಿನಲ್ಲಿ ಬರೆಯುವ ದೊಡ್ಡ ವೇಗ ಹಗುರ ಗುಂಡಿನಿಂದ ಬಂದದ್ದಾಗಿರಬಹುದು. ವೇಗದ ಜೊತೆಗೆ ಗುಂಡಿನ ತೂಕವನ್ನೂ ಕೇಳಿ.

ಹತ್ತು ಮೀಟರ್ ದೂರದ ಇಲಿಗೆ 10–12 ಜೂಲ್ ಧಾರಾಳವಾಯಿತು, ಗುಂಡು ತಲೆಗೆ ಬಿದ್ದರೆ. ಬಾಲಕ್ಕೋ ಹೊಟ್ಟೆಗೋ ಬಿದ್ದರೆ 30 ಜೂಲ್ ಇದ್ದರೂ ಇಲಿ ಬಿಲ ಸೇರಿ ಅಲ್ಲಿ ಕೊಳೆಯುತ್ತದೆ. ಇಲಿಯ ತಲೆ ಒಂದು ರೂಪಾಯಿ ನಾಣ್ಯಕ್ಕಿಂತ ಬಹಳ ದೊಡ್ಡದಲ್ಲ. ಆದ್ದರಿಂದ ಬೇಕಾದದ್ದು ಗುರಿ. ಶಕ್ತಿ ಹೆಚ್ಚಿದಷ್ಟೂ ಸ್ಪ್ರಿಂಗ್ ಬಂದೂಕಿನ ಒದೆತ ಹೆಚ್ಚಿ ಗುರಿ ಕೆಡುತ್ತದೆ. ತಪ್ಪಿದ ಗುಂಡು ಹೆಂಚು, ತಗಡು, ದನ, ಮಕ್ಕಳ ಕಡೆಗೆ ಹೋಗುತ್ತದೆ. ಇಲಿಗೆ ಹೆದರಿ ಮನೆಗೆ ಬೆಂಕಿ ಇಟ್ಟಂತಾಗಬಾರದು.

ಬಂದೂಕಿನ ಬಗೆ

ಸ್ಪ್ರಿಂಗ್ ಬಂದೂಕಿನಲ್ಲಿ ನಳಿಕೆಯನ್ನು ಮಡಿಸಿದಾಗ ಒಳಗಿನ ಸ್ಪ್ರಿಂಗ್ ಬಿಗಿಯಾಗುತ್ತದೆ. ಕುದುರೆ ಎಳೆದಾಗ ಅದು ಗಾಳಿಯನ್ನು ಒತ್ತಿ ಗುಂಡನ್ನು ತಳ್ಳುತ್ತದೆ. ಬೆಲೆ ಕಡಿಮೆ, ದುರಸ್ತಿ ಸುಲಭ, ಬೇರೆ ಉಪಕರಣ ಬೇಡ. ಎರಡನೆಯ ಬಗೆಯಲ್ಲಿ ಗಾಳಿಯನ್ನು ಮೊದಲೇ ಸಿಲಿಂಡರಿನಲ್ಲಿ ತುಂಬಿಡಬೇಕು. ಒದೆತವಿಲ್ಲ, ಗುರಿ ಉತ್ತಮ. ಆದರೆ ಬೆಲೆ ಹೆಚ್ಚು, ಗಾಳಿ ತುಂಬಲು ವಿಶೇಷ ಪಂಪು ಬೇಕು. ಸಾಮಾನ್ಯ ರೈತನಿಗೆ ಮಧ್ಯಮ ಶಕ್ತಿಯ 4.5 ಮಿ.ಮೀ. ಸ್ಪ್ರಿಂಗ್ ಬಂದೂಕು ಸಾಕು.

ಸ್ಪ್ರಿಂಗ್ ಬಂದೂಕನ್ನು ಬಿಗಿಯಾಗಿ ಹಿಡಿಯಬಾರದು. ಅಂಗೈ ಮೇಲೆ ಸಡಿಲವಾಗಿ ಕೂರಿಸಿ ಹೊಡೆಯಬೇಕು. ಗುಂಡಿಲ್ಲದೆ ಹೊಡೆದರೆ ಒಳಭಾಗ ಹಾಳಾಗುತ್ತದೆ. ಗಾಳಿ ಒತ್ತುವ ಕೊಳವೆಗೆ ಹೊಲಿಗೆ ಯಂತ್ರದ ಎಣ್ಣೆಯಂಥದನ್ನು ಹಾಕಬೇಡಿ. ಒತ್ತಡದ ಬಿಸಿಗೆ ಅದು ಹೊತ್ತಿಕೊಳ್ಳುತ್ತದೆ.

ಗುಂಡಿನ ಆಯ್ಕೆ

ಅಂಗಡಿಯಲ್ಲಿ ನಾಲ್ಕು ಬಗೆಯ ಸೀಸದ ಗುಂಡುಗಳು ಸಿಗುತ್ತವೆ.

1. ಚಪ್ಪಟೆ ತಲೆಯದು: ಕಾಗದದಲ್ಲಿ ಅಚ್ಚುಕಟ್ಟಾದ ತೂತು ಮಾಡುತ್ತದೆ. ಅಭ್ಯಾಸಕ್ಕೆ ಹಾಗೂ ಹತ್ತು ಮೀಟರಿನೊಳಗಿನ ಇಲಿಗೆ ಒಳ್ಳೆಯದು.
2. ಗುಂಡು ತಲೆಯದು: ಗಾಳಿಯಲ್ಲಿ ನೇರವಾಗಿ ಸಾಗುತ್ತದೆ. ಎಲ್ಲ ದೂರಕ್ಕೂ ಹೊಂದುತ್ತದೆ. ಒಂದೇ ಬಗೆ ಕೊಳ್ಳುವುದಾದರೆ ಇದನ್ನೇ ಕೊಳ್ಳಿ.
3. ಚೂಪು ತಲೆಯದು: ನೋಡಲು ಭಯಂಕರ, ತುದಿ ಸ್ವಲ್ಪ ಓರೆಯಾದರೂ ಗುರಿ ತಪ್ಪುತ್ತದೆ.
4. ತಲೆಯಲ್ಲಿ ಕುಳಿಯಿರುವುದು: ಹತ್ತಿರಕ್ಕೆ ಸರಿ, ದೂರ ಹೋದಂತೆ ವೇಗ ಬೇಗ ಇಳಿಯುತ್ತದೆ.

ಉಕ್ಕಿನ ಗೋಲಿಗಳನ್ನು ಬಳಸಲೇಬಾರದು. ಅವು ನಳಿಕೆಯ ಒಳಗಿನ ತಿರುಪು ಗೆರೆಗಳನ್ನು ಸವೆಸುತ್ತವೆ, ಕಲ್ಲಿಗೆ ಬಡಿದು ಹೊಡೆದವನ ಕಣ್ಣಿಗೇ ಮರಳುತ್ತವೆ.

ಒಂದೇ ಮಾದರಿಯ ಎರಡು ಬಂದೂಕುಗಳಿಗೂ ಒಂದೇ ಗುಂಡು ಒಗ್ಗುತ್ತದೆಂದು ಹೇಳಲಾಗದು. ಎರಡು ಮೂರು ಬಗೆಯ ಡಬ್ಬಿ ತಂದು, ಹತ್ತು ಮೀಟರ್ ದೂರದಲ್ಲಿ ಕಾಗದ ಕಟ್ಟಿ, ಬಂದೂಕನ್ನು ಮರಳಿನ ಚೀಲದ ಮೇಲೆ ಊರಿ, ಐದೈದು ಗುಂಡು ಹೊಡೆಯಿರಿ. ಐದೂ ಗುಂಡು ರೂಪಾಯಿ ನಾಣ್ಯದಗಲದೊಳಗೆ ಬಿದ್ದರೆ ಆ ಗುಂಡು ನಿಮ್ಮ ಬಂದೂಕಿಗೆ ಸರಿ. ಹಾಗೆ ಬೀಳುವವರೆಗೆ ಪ್ರಾಣಿಯ ಮೇಲೆ ಹೊಡೆಯಬಾರದು.

ಎಚ್ಚರಿಕೆಗಳು

ಕಾಳಿನ ರಾಶಿ, ಮೇವಿನ ಬಣವೆ, ಹುಲ್ಲಿನ ಹೊರೆಗಳ ಕಡೆ ಎಂದೂ ಹೊಡೆಯಬೇಡಿ. ಸೀಸ ವಿಷ, ಮೇವಿನೊಡನೆ ದನದ ಹೊಟ್ಟೆ ಸೇರಿದರೆ ಅಪಾಯ. ಗುರಿಯ ಹಿಂದೆ ಮಣ್ಣಿನ ದಿಬ್ಬ ಅಥವಾ ಮರಳು ಚೀಲ ಇರಲಿ. ಗುಂಡು ಮುಟ್ಟಿದ ಮೇಲೆ ಸೋಪು ಹಚ್ಚಿ ಕೈ ತೊಳೆಯಿರಿ. ಸತ್ತ ಇಲಿಯನ್ನು ಬರಿಗೈಯಲ್ಲಿ ಮುಟ್ಟದೆ ಆಳವಾಗಿ ಹೂಳಿ. ಇಲಿ ಜ್ವರ ಹರಡುವುದು ಅದರ ಮೂತ್ರದಿಂದ. ಬಂದೂಕು ಮತ್ತು ಗುಂಡನ್ನು ಬೇರೆ ಬೇರೆಯಾಗಿ ಬೀಗ ಹಾಕಿಡಿ. ಇದು ಮಕ್ಕಳ ಆಟಿಕೆಯಲ್ಲ. ಒಂದು ಕಣ್ಣು ಹೋಗಲು ಒಂದೇ ಗುಂಡು ಸಾಕು.

ಬಂದೂಕಿನಿಂದ ಇಲಿ ಮುಗಿಯುವುದೇ?

ಮುಗಿಯುವುದಿಲ್ಲ. ಇಲಿಯ ಗರ್ಭಕಾಲ ಸುಮಾರು ಮೂರು ವಾರ. ರಾತ್ರಿ ನೀವು ನಾಲ್ಕು ಹೊಡೆಯುವಷ್ಟರಲ್ಲಿ ಬದುವಿನ ಬಿಲದಲ್ಲಿ ಎಂಟು ಹುಟ್ಟಿರುತ್ತವೆ. ವಿಷ ಇಡಲಾಗದ ಕೋಳಿಮನೆಯಲ್ಲಿ, ಬೋನಿಗೆ ಬೀಳದ ಒಂದೆರಡು ಚತುರ ಹೆಗ್ಗಣಗಳಿಗೆ ಏರ್ ಗನ್ ಒದಗುತ್ತದೆ. ಗದ್ದೆಯ ಇಲಿಗೆ ಊರೆಲ್ಲ ಸೇರಿ ಮಾಡುವ ಕೆಲಸವೇ ಮದ್ದು.

ಬೇಸಿಗೆಯಲ್ಲಿ ಬದುಗಳನ್ನು ಸಣ್ಣದಾಗಿ ಕೆತ್ತಿ, ಬಿಲಗಳನ್ನು ಅಗೆದು ಹಾಕಿ. ಬಿಲಗಳನ್ನು ಸಂಜೆ ಮಣ್ಣಿನಿಂದ ಮುಚ್ಚಿದರೆ, ಮರುದಿನ ತೆರೆದಿರುವವೇ ಇಲಿಯಿರುವ ಬಿಲಗಳು. ಎರಡು ಮೂರು ದಿನ ವಿಷವಿಲ್ಲದ ಕಾಳಿಗೆ ಎಣ್ಣೆ ಸವರಿ ಇಟ್ಟು ರುಚಿ ಹತ್ತಿಸಿ. ಅನಂತರ 96 ಭಾಗ ಕಾಳು, 2 ಭಾಗ ಎಣ್ಣೆ, 2 ಭಾಗ ಸತುವಿನ ಫಾಸ್ಫೈಡ್ ಬೆರೆಸಿ, ಬಿಲಕ್ಕೆ 10 ಗ್ರಾಂನಂತೆ ಒಳಗಿಟ್ಟು ಮುಚ್ಚಿ. ಈ ವಿಷಕ್ಕೆ ಪ್ರತಿವಿಷವಿಲ್ಲ. ಕೋಲಿನಿಂದ ಬೆರೆಸಿ, ಕೈಚೀಲ ಧರಿಸಿ, ಮಕ್ಕಳು ಮತ್ತು ದನಕರುಗಳನ್ನು ದೂರವಿಡಿ. ತೆಂಗಿನ ಕಾಂಡಕ್ಕೆ ನೆಲದಿಂದ ಸುಮಾರು 2 ಮೀಟರ್ ಎತ್ತರದಲ್ಲಿ 40 ಸೆಂ.ಮೀ. ಅಗಲದ ತಗಡಿನ ಪಟ್ಟಿ ಸುತ್ತಿ. ಗದ್ದೆಯಲ್ಲಿ ಗೂಬೆ ಕೂರಲು ಅಡ್ಡಪಟ್ಟಿಯ ಕಂಬ ನೆಡಿ. ಗೂಬೆಯನ್ನು ಅಪಶಕುನವೆಂದು ಓಡಿಸಬೇಡಿ. ರಾತ್ರಿಯಿಡೀ ಕೂಲಿಯಿಲ್ಲದೆ ಇಲಿ ಹಿಡಿಯುವ ಆಳು ಅದು.

ಗಿಳಿಗಳಿಗೆ ಕಾಳು ಹಾಲುಗಟ್ಟುವ ಮೊದಲೇ ಹೊಳೆಯುವ ಪಟ್ಟಿಗಳನ್ನು ಬೆಳೆಯ ಮೇಲೆ ಎಳೆದು ಕಟ್ಟಿ; ರುಚಿ ಹತ್ತಿದ ಮೇಲೆ ಕಟ್ಟಿದರೆ ಫಲ ಕಡಿಮೆ. ಮಂಗಗಳನ್ನು ಓಡಿಸಲು ಪ್ಲಾಸ್ಟಿಕ್ ಕೊಳವೆಯ ಕಾರ್ಬೈಡ್ ಕೋವಿ ಬಳಸುವವರಿದ್ದಾರೆ. 2025ರ ದೀಪಾವಳಿಯಲ್ಲಿ ಮಧ್ಯಪ್ರದೇಶದಲ್ಲಿ ಅಂತಹ ಕೋವಿಗಳಿಂದ ಹಲವು ಮಕ್ಕಳ ಕಣ್ಣಿಗೆ ತೀವ್ರ ಗಾಯವಾಯಿತು. ಅದನ್ನು ತೋಟಕ್ಕೂ ತರಬೇಡಿ. ಕಾಡುಪ್ರಾಣಿಗಳಿಂದ ಬೆಳೆ ಹಾಳಾದರೆ ಕೂಡಲೇ ಅರಣ್ಯ ಇಲಾಖೆಗೆ ತಿಳಿಸಿ, ಛಾಯಾಚಿತ್ರ ಮತ್ತು ಪಹಣಿಯೊಡನೆ ಪರಿಹಾರಕ್ಕೆ ಅರ್ಜಿ ಕೊಡಿ. ಏರ್ ಗನ್ನಿನಿಂದ ಪ್ರಾಣಿಯನ್ನು ಗಾಯಗೊಳಿಸಿದ ರೈತ ಪರಿಹಾರ ಕೇಳುವ ಬದಲು ತಾನೇ ಆರೋಪಿಯಾಗಿ ನಿಲ್ಲಬೇಕಾಗುತ್ತದೆ.

ಆದ್ದರಿಂದ ಬಾಂಧವರೇ, ಏರ್ ಗನ್ ಕೊಳ್ಳಲೇಬೇಕೆಂದಿದ್ದರೆ 4.5 ಮಿ.ಮೀ., 20 ಜೂಲ್ ಒಳಗಿನದು, ಗುಂಡು ತಲೆಯ ಸೀಸದ ಗುಂಡು, ನಾಣ್ಯದಗಲದ ಗುರಿ, ಮನೆಯೊಳಗಿನ ಇಲಿ — ಇಷ್ಟನ್ನು ನೆನಪಿಡಿ. ಇದಕ್ಕಿಂತ ದೊಡ್ಡ ಬಂದೂಕಿಗೆ ಹಣ ಹಾಕುವ ಯೋಚನೆಯಿದ್ದರೆ, ಆ ಹಣದಲ್ಲಿ ತೆಂಗಿಗೆ ತಗಡು ಸುತ್ತಿ, ಕಣಜದ ತೂತುಗಳನ್ನು ಸಿಮೆಂಟಿನಿಂದ ಮುಚ್ಚಿ. ಇಲಿ ನಿಯಂತ್ರಣದ ಸಾಮೂಹಿಕ ಕಾರ್ಯಕ್ರಮವನ್ನು ನಿಮ್ಮೂರಿನಲ್ಲಿ ನಡೆಸಬೇಕೆಂದಿದ್ದರೆ ಹತ್ತಿರದ ರೈತ ಸಂಪರ್ಕ ಕೇಂದ್ರ ಅಥವಾ ಕೃಷಿ ವಿಜ್ಞಾನ ಕೇಂದ್ರಕ್ಕೆ ಬಿತ್ತನೆಗೆ ಒಂದು ತಿಂಗಳು ಮೊದಲೇ ತಿಳಿಸಿ.