ಮೇಷ್ಟ್ರು ಬರೆದ ಜನ್ಮದಿನ



ಒಂದನೇ ಕ್ಲಾಸಿಗೆ ಸೇರಿಸುವಾಗ ಅವ್ವನಿಗೆ ನಾನು ಹುಟ್ಟಿದ ತಾರೀಖು ನೆನಪಿರಲಿಲ್ಲ. ಮೇಷ್ಟ್ರು ಅಂದಾಜಿಗೆ ಜೂನ್ 1 ಎಂದು ಬರೆದರು. ಈ ಶಾಲೆಯ ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲೂ ಅದೇ ಬಂತು, ಬಿ.ಇ.ಗೂ ಪಾಸ್‌ಪೋರ್ಟಿಗೂ ಅದೇ ನಡೆಯಿತು. ಯಾರೂ ಪ್ರಶ್ನಿಸಲಿಲ್ಲ.

ಅಫ್ಘಾನಿಸ್ತಾನದಂಥ ದೇಶಗಳಿಂದ ಒಂಟಿಯಾಗಿ ಬ್ರಿಟನ್ನಿಗೆ ಬಂದು ಆಶ್ರಯ ಕೇಳುವ ಎಷ್ಟೋ ಮಕ್ಕಳ ಬಳಿ ಅಂಥ ಕಾಗದವೇ ಇರುವುದಿಲ್ಲ. ಅರ್ಜಿ ತಿರಸ್ಕಾರವಾಗಿ ಮೇಲ್ಮನವಿಗೆ ಹೋದಾಗ, ಹದಿನೆಂಟು ತುಂಬಿಲ್ಲವೆಂದು ಒಪ್ಪಿದರೆ ಸರಳ ಪ್ರಶ್ನೆ, ನಡುವೆ ವಿರಾಮ. ಹೇಳಿಕೆ ತೂಗುವಾಗ ವಯಸ್ಸಿನ ಗಮನ. ದೊಡ್ಡವನೆಂದು ಎಣಿಸಿದರೆ ಮಕ್ಕಳಿಗಿರುವ ಈ ಕಾಳಜಿ ತಪ್ಪಿಹೋಗುತ್ತದೆ. ಸಂದೇಹವಿದ್ದಾಗ ಬರೀ ಮುಖ ನೋಡಿ ವಯಸ್ಸು ನಿರ್ಧರಿಸಬಾರದೆಂದು ಅಲ್ಲಿನ ಹೈಕೋರ್ಟು 2003ರಲ್ಲಿ ಹೇಳಿದೆ.

ಜನ್ಮದಿನಾಂಕ ತುಂಬದಿದ್ದರೆ ಮುಂದೆ ಬಿಡದ ಸಾಫ್ಟ್‌ವೇರ್ ಬರೆಯುವವನು ನಾನು. ನನ್ನನ್ನು ಮುಂದೆ ಬಿಟ್ಟದ್ದು ಮೇಷ್ಟ್ರ ಆ ಒಂದು ಸಾಲು. ಅದರ ಋಣ ದೊಡ್ಡದು.