ಆಸ್ಪತ್ರೆಯಿಂದ ಮರಳಿದ ಮಗು

(ಸಿಂಧನೂರು, ಲಿಂಗಸುಗೂರು, ಮಸ್ಕಿ ಪಟ್ಟಣಗಳ ಪಾಲಕರ ಸಭೆಯಲ್ಲಿ ಮಾಡಿದ ಭಾಷಣ)



ಹದಿಹರೆಯದ ಮಗನನ್ನೋ ಮಗಳನ್ನೋ ಮನೋವೈದ್ಯರಲ್ಲಿಗೆ ಕರೆದೊಯ್ಯುವ ಮುನ್ನ ನಮ್ಮ ಕುಟುಂಬಗಳು ತಾಯತ ಕಟ್ಟಿಸಿ, ದರ್ಗಾಗಳನ್ನು ಸುತ್ತಿ ತಿಂಗಳುಗಳನ್ನು ಕಳೆದಿರುತ್ತವೆ. ಕೊನೆಗೆ ರಾಯಚೂರಿಗೋ ಧಾರವಾಡಕ್ಕೋ ಹೋಗಿ ದಾಖಲಿಸುತ್ತೇವೆ. ಮಗು ತುಸು ಚೇತರಿಸಿ ಮನೆಗೆ ಮರಳಿದೊಡನೆ ಅಪಾಯ ಕಳೆಯಿತೆಂದು ಭಾವಿಸುತ್ತೇವೆ. ವೈದ್ಯಶಾಸ್ತ್ರ ಹೇಳುವುದು ಬೇರೆ. ಆಸ್ಪತ್ರೆಯಿಂದ ಬಿಡುಗಡೆಯಾದ ಮೊದಲ ವಾರಗಳಲ್ಲಿಯೇ ಆತ್ಮಹತ್ಯೆಯ ಅಪಾಯ ಅಧಿಕ. ಹಿಂದೊಮ್ಮೆ ಪ್ರಯತ್ನಿಸಿದ ಮಗುವಿಗೆ ಇನ್ನೂ ಅಧಿಕ.

ಆ ವಾರಗಳಲ್ಲಿ ನಾವು ಮಾಡುವುದೇನು? ಮಗಳ ಸಂಬಂಧಕ್ಕೆ ಅಡ್ಡಿಯಾದೀತೆಂದು ವೈದ್ಯರ ಚೀಟಿಯನ್ನು ಬಚ್ಚಿಡುತ್ತೇವೆ. ಚೆನ್ನಾಗಿದ್ದಾಳಲ್ಲ ಎಂದು ಮಾತ್ರೆಯನ್ನೇ ನಿಲ್ಲಿಸುತ್ತೇವೆ.

ಸಾಯಬೇಕೆನಿಸುತ್ತಿದೆಯೇ ಎಂದು ಕೇಳಿದರೆ ಇಲ್ಲದ ಯೋಚನೆ ಹುಟ್ಟೀತೆಂಬುದು ಹುಸಿ ಭಯ. ಮೃದುವಾಗಿ, ನೇರವಾಗಿ ಕೇಳಿರಿ. ಹೌದೆಂದರೆ ಹರಾಮ್‌ನ ಪಾಠ ಆರಂಭಿಸಬೇಡಿ. ಆತ್ಮಹತ್ಯೆ ನಿಷಿದ್ಧವೆಂಬುದು ಆ ಮಗುವಿಗೂ ಗೊತ್ತು, ಗೊತ್ತಿದ್ದೇ ನರಳುತ್ತಿದೆ. ಮದರಸದಲ್ಲಿ ಓದಿದವನಾಗಿ ಹೇಳುತ್ತಿದ್ದೇನೆ, ನಿಷೇಧವನ್ನು ಕಂಠಪಾಠ ಮಾಡಿದ ನಾವು ರೋಗಿಯ ಪಕ್ಕದಲ್ಲಿ ಕುಳಿತುಕೊಳ್ಳುವ ಸುನ್ನತ್ತನ್ನು ಮರೆತಿದ್ದೇವೆ. ಚಿಕಿತ್ಸೆ ಪಡೆಯಬೇಕೆಂದು ಪ್ರವಾದಿವರ್ಯರು(ಸ) ಕಲಿಸಿದ್ದಾರೆ. 934ರಲ್ಲಿ ನಿಧನರಾದ ಅಬೂ ಝೈದ್ ಅಲ್ ಬಲ್ಖಿಯವರು ದೇಹದಂತೆ ಮನಸ್ಸಿಗೂ ರೋಗವಿದೆ, ಉಪಚಾರವಿದೆ ಎಂದು ಗ್ರಂಥವನ್ನೇ ರಚಿಸಿದ್ದರು.

ಆ ಮಗುವನ್ನು ಒಂಟಿಯಾಗಿ ಬಿಡದೆ ವೈದ್ಯರಲ್ಲಿಗೆ ಕರೆದೊಯ್ಯಿರಿ. ಇನ್ನೊಂದು ಮಾತು. ನಮ್ಮದು ತುಂಗಭದ್ರಾ ಎಡದಂಡೆ ನಾಲೆಯ ಭತ್ತದ, ಹತ್ತಿ ತೊಗರಿಯ ಸೀಮೆ. ಹೊಲಕ್ಕೆ ಹೊಡೆಯುವ 'ಎಣ್ಣೆ' ಮನೆಯೊಳಗೇ ಇರುತ್ತದೆ. ಅದನ್ನೂ ಮಾತ್ರೆಗಳನ್ನೂ ಬೀಗದೊಳಗಿಟ್ಟು ಬೀಗದ ಕೈಯನ್ನು ಹಿರಿಯರು ಇಟ್ಟುಕೊಳ್ಳಲಿ. ತೀವ್ರ ತುಡಿತ ಹಲವು ಬಾರಿ ಸ್ವಲ್ಪ ಹೊತ್ತಿನದು. ಅದು ದಾಟಿದರೆ ಜೀವ ಉಳಿದೀತು.

ಪೊಲೀಸ್ ಕೇಸಿನ ಹೆದರಿಕೆಯಿಂದ ಆಸ್ಪತ್ರೆಗೆ ಒಯ್ಯದವರೂ ಇದ್ದಾರೆ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯು ಅಂಥವರನ್ನು ತೀವ್ರ ಒತ್ತಡಕ್ಕೊಳಗಾದವರೆಂದು ಪರಿಗಣಿಸಿ, ಅವರಿಗೆ ಆರೈಕೆ ನೀಡುವ ಹೊಣೆಯನ್ನು ಸರಕಾರಕ್ಕೆ ವಹಿಸಿದೆ.

ಸರಕಾರದ ಮಾತು ಬಂತಲ್ಲ. ನೆರೆಯ ಬಳ್ಳಾರಿಯಲ್ಲಿ 1980ರ ದಶಕದಲ್ಲಿ ನಿಮ್ಹಾನ್ಸ್ ನಡೆಸಿದ ಪ್ರಯೋಗವೇ 1996ರಲ್ಲಿ ಆರಂಭವಾದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ದೇಶದಲ್ಲೇ ಮಾದರಿಯಾಯಿತು. ರಾಯಚೂರಿಗೆ ಏಮ್ಸ್ ಬೇಕೆಂದು 2022ರಲ್ಲಿ ಧರಣಿ ಆರಂಭವಾಯಿತು; ಬೇಡಿಕೆ ನ್ಯಾಯವಾದದ್ದೇ. ಆದರೆ ತಾಲೂಕು ಆಸ್ಪತ್ರೆಗೆ ಮನೋವೈದ್ಯರು ಯಾವ ದಿನ ಬರುತ್ತಾರೆ, ಮಾತ್ರೆ ದಾಸ್ತಾನಿದೆಯೇ ಎಂದು ಮತ ಕೇಳಲು ಬಂದವರನ್ನು ನಮ್ಮಲ್ಲಿ ಯಾರು ಕೇಳಿದ್ದೇವೆ? ಮರುಭೇಟಿಗೆಂದು ಕೂಲಿ ಬಿಟ್ಟು ಬಸ್ಸು ಹತ್ತುವ ತಾಯಿ ಎರಡನೆಯ ಸಲ ಹೋಗುವುದಿಲ್ಲ.

ಅಲ್ಲಿಯವರೆಗೆ ಟೆಲಿ ಮಾನಸ್ ಇದೆ. ಹಗಲಿರುಳು, ಉಚಿತ, ಕನ್ನಡದಲ್ಲೂ ಮಾತನಾಡಬಹುದು. ಸಂಖ್ಯೆ 14416. ಫೋನು ತೆಗೆದು ಈಗಲೇ ಸೇರಿಸಿಕೊಳ್ಳಿರಿ, ನಾನು ಕಾಯುತ್ತೇನೆ.